ಕ್ರೇನ್ ಬಳಸಿ ಮರ ತೆರವು: ಅರ್ಜಿದಾರರ ಗಮನಕ್ಕೆ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ವೃಕ್ಷಾಧಿಕಾರಿಯ ಅನುಮತಿ ದೊರೆತ ಮಾತ್ರಕ್ಕೆ ಮರವನ್ನು ಅಂದೇ ತೆರವುಗೊಳಿಸಬೇಕೆಂದಿಲ್ಲ.

ಕ್ರೇನಿನ ತೋಳು ಚಾಚಿದಷ್ಟೂ ಅದು ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ. ಹಸಿ ಮರವಾದರೋ ಕಣ್ಣಂದಾಜಿಗಿಂತ ಹೆಚ್ಚು ತೂಗುತ್ತದೆ. ಪಾಂಡವಪುರ ತಾಲ್ಲೂಕಿನ ನಾಲೆ ಏರಿಗಳಲ್ಲಿ, ನೀರುಂಡ ಗದ್ದೆಗಳ ಬದಿಯಲ್ಲಿ ಯಂತ್ರದ ಆಧಾರದ ಕಾಲುಗಳ ಕೆಳಗಿನ ನೆಲ ಕುಸಿಯುವ ಸಂಭವವೂ ಉಂಟು. ಆದುದರಿಂದ ಚಾಲಕನು ಆಗದು ಎಂದಲ್ಲಿ ಕೆಲಸವನ್ನು ನಿಲ್ಲಿಸತಕ್ಕದ್ದು. ಗಂಟೆಯ ಬಾಡಿಗೆ ಏರುತ್ತಿದೆಯೆಂದು ಮಾಲೀಕರಾಗಲಿ, ಗುತ್ತಿಗೆದಾರರಾಗಲಿ ಆತನನ್ನು ಅವಸರಪಡಿಸಬಾರದು. (ಇಂತಹ ಅವಸರ ಸಾಮಾನ್ಯವಾಗಿ ಕತ್ತಲಾಗುವ ಹೊತ್ತಿಗೇ ಹೆಚ್ಚುತ್ತದೆ.) ಕೆಲಸ ನಿಂತ ಅವಧಿಯ ಬಾಡಿಗೆಯನ್ನು ಯಾರು ಭರಿಸಬೇಕೆಂಬುದನ್ನು ಮುಂಚಿತವಾಗಿಯೇ ಬರಹದಲ್ಲಿ ಗೊತ್ತುಪಡಿಸಿಕೊಳ್ಳುವುದು ಸೂಕ್ತ.

ವಿದ್ಯುತ್ ಮಾರ್ಗ ಸಮೀಪವಿದ್ದಲ್ಲಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಿಬ್ಬಂದಿಯು ಸರಬರಾಜು ಕಡಿತವನ್ನು ಸ್ಥಳದಲ್ಲಿಯೇ ಖಚಿತಪಡಿಸಿದ ನಂತರ ಕೆಲಸ ಆರಂಭಿಸತಕ್ಕದ್ದು. ದೂರವಾಣಿಯ ಮಾತು ಸಾಲದು.