ಎಣಿಕೆಗೆ ಸಿಗದ ಗಾಯ

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇರುವುದು ಹೊಸೂರು ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಅತ್ತಿಬೆಲೆ ದಾಟಿ, ತಮಿಳುನಾಡಿನ ಹೊಸೂರಿನಲ್ಲಿ ಮಾಲೂರಿನ ಕಡೆ ತಿರುಗಿದರೆ ಬಾಗಲೂರು. ಗುಲಾಬಿ ತೋಟಗಳ ಸೀಮೆ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ ಇಲ್ಲವೇ ತೆಲುಗು, ಶಾಲೆಯಲ್ಲಿ ತಮಿಳು. ಇಂಥ ಊರಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ತನ್ನ ಮೈಗೆ ತಾನೇ ಗಾಯ ಮಾಡಿಕೊಂಡಳೆನ್ನಿ. ಮಾತು ಹೊಸಿಲು ದಾಟುವುದಿಲ್ಲ. ನಾಳೆ ಮದುವೆಯಾಗಬೇಕಾದವಳು, ಯಾರಿಗೂ ಹೇಳಬೇಡಿ ಎನ್ನುತ್ತಾರೆ ಹಿರಿಯರು.

ಈ ಬಾಯಿಮುಚ್ಚಾಟಕ್ಕೆ ಕಾನೂನಿನ ಬೆಂಬಲವೂ ಇತ್ತು. 1860ರ ದಂಡಸಂಹಿತೆಯ 309ನೇ ಕಲಮು ಸಾಯಲು ಯತ್ನಿಸುವುದನ್ನೇ ಅಪರಾಧವೆಂದಿತು. 1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಪ್ರಶ್ನೆಯನ್ನೇ ಹೊರಳಿಸಿದ: ಧರ್ಮ, ಮದುವೆ, ಕುಟುಂಬದ ನಂಟು ಬದಲಾದಂತೆ ಆತ್ಮಹತ್ಯೆಯ ಪ್ರಮಾಣವೂ ಬದಲಾಗುವುದೇಕೆ? ಅಲ್ಲಿಗೆ ಒಬ್ಬರ ಸಂಕಟ ಸಮಾಜದ ಲೆಕ್ಕಕ್ಕೂ ಬಂತು. 1938ರಲ್ಲಿ ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್, ಗಾಯ ಮಾಡಿಕೊಳ್ಳುವವರೆಲ್ಲ ಸಾವನ್ನೇ ಬಯಸಿರುವುದಿಲ್ಲ ಎಂದ. ಕೆಲವರಿಗೆ ಅದು ಬದುಕುಳಿಯಲು ಮಾಡಿಕೊಂಡ ರಾಜಿ. ಈ ಮಾತು ನಮ್ಮ ಮನೆಗಳಿಗೆ ಇನ್ನೂ ತಲುಪಿಲ್ಲ.

ಆಮೇಲೆ ಎಣಿಕೆಯ ಕಾಲ. ಆಕ್ಸ್‌ಫರ್ಡಿನಲ್ಲಿ 1976ರಿಂದ ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರ ದಾಖಲೆ ಇಡುತ್ತ ಬಂದರು. ಆದರೆ ಆಸ್ಪತ್ರೆ ಕಾಣುವುದು ನೀರ್ಗಲ್ಲಿನ ತುದಿಯನ್ನಷ್ಟೇ. ಇಂಗ್ಲೆಂಡಿನ 12ರಿಂದ 17ರ ವಯಸ್ಸಿನವರಲ್ಲಿ ಒಂದು ಆತ್ಮಹತ್ಯೆಗೆ, ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದವರು ಸುಮಾರು 370, ಊರಲ್ಲಿ ಹಾನಿ ಮಾಡಿಕೊಂಡವರು ಸುಮಾರು 3,900 ಎಂಬ ಅಂದಾಜು 2018ರಲ್ಲಿ ಬಂತು.

ನಮಗೆ ಹತ್ತಿರದ ಅಧ್ಯಯನ ವೆಲ್ಲೂರಿನದು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಕಣಿಯಂಬಾಡಿ ಬ್ಲಾಕಿನ ಹಳ್ಳಿಗಳಲ್ಲಿ ಪ್ರತಿ ಸಾವನ್ನೂ ಮನೆಮನೆಗೆ ಹೋಗಿ ವಿಚಾರಿಸಿದರು. 2004ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಬೆಚ್ಚಿಬೀಳಿಸುವಂಥದು: 10ರಿಂದ 19ರ ಹುಡುಗಿಯರಲ್ಲಿ ಲಕ್ಷಕ್ಕೆ 148 ಆತ್ಮಹತ್ಯೆ, ಹುಡುಗರಲ್ಲಿ 58. ಸಾಯುವವರಲ್ಲಿ ಗಂಡಸರೇ ಹೆಚ್ಚು ಎಂಬ ಪಶ್ಚಿಮದ ಪಾಠ ಇಲ್ಲಿ ತಲೆಕೆಳಗಾಯಿತು. ಹೆಣ್ಣು ಎಂಬುದು ಕಾರಣವಲ್ಲ, ಗುರುತು. ಎಲ್ಲಿ ನೋಡಬೇಕೆಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ನಿಂತುಹೋದ ಓದು, ಬೇಗ ಗೊತ್ತಾದ ಮದುವೆ, ಮನೆಯ ಜಗಳ, ಪ್ರೀತಿಗೆ ಬಿದ್ದ ಏಟು, ಇವನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕು.

ಇಲ್ಲೇ ನನ್ನ ತಕರಾರು. ವಯಸ್ಸು, ಲಿಂಗ, ಓದು, ಆದಾಯ ಕೇಳುವ ಸಮೀಕ್ಷೆಗಳಲ್ಲಿ ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂಬ ಪ್ರಶ್ನೆ ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಗಡಿಯ ಮಗು ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ, ಯಾರ ಮುಂದೆ ಹೇಳಿಕೊಳ್ಳಬೇಕು?

ಕಾನೂನು ಈಗ ಮೆತ್ತಗಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಹಳೆಯ 309ನೇ ಕಲಮು ಇಲ್ಲ. ಮನೆಯಲ್ಲಿ ಇಂಥ ಗಾಯ ಕಂಡರೆ ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.