ಬೂಸ, ಬುದ್ದಿ, ಏನ್ಲಾ

ಮದ್ದೂರು ತಾಲ್ಲೂಕಿನ ಆತಗೂರಿನ ನಮ್ಮ ಕೊಟ್ಟಿಗೆಯಲ್ಲಿ ಬೂಸ ಎಂಬುದು ಬೈಗುಳವಾಗಿರಲಿಲ್ಲ. ಅವ್ವ ಬಾನಿಯಲ್ಲಿ ಕಲಸಿಟ್ಟರೆ ಕರೆಯೋ ಹಸು ಮೂತಿ ಮುಳುಗಿಸಿ ತಿನ್ನುತ್ತಿತ್ತು. ಅದೇ ಮಾತನ್ನು 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ್ದಕ್ಕೆ ದೇವರಾಜ ಅರಸು ಸಂಪುಟದ ಬಿ. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಬೀದಿಗಳಲ್ಲಿ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ.

ಬಸವಲಿಂಗಪ್ಪನವರ ಪರ ನಿಂತ ಹುಡುಗರಲ್ಲಿ ಮಾಗಡಿ ಕಡೆಯ ಮಂಚನಬೆಲೆಯ ಸಿದ್ದಲಿಂಗಯ್ಯ ಒಬ್ಬರು. 1975ರಲ್ಲಿ ಅವರ ‘ಹೊಲೆಮಾದಿಗರ ಹಾಡು’ ಬಂತು. ಊರು ಹೀಗಳೆಯಲು ಬಳಸುತ್ತಿದ್ದ ಜಾತಿಯ ಹೆಸರೇ ಪುಸ್ತಕದ ಹೆಸರಾಯಿತು. ಒಳಗೆ ಹೊಡಿ ಬಡಿ ಎನ್ನುವ ಧಾಟಿ. ಇದು ಕಾವ್ಯವೋ ಘೋಷಣೆಯೋ, ಇಷ್ಟು ಒರಟು ಬೇಕೇ ಎಂಬ ತಕರಾರು ಎದ್ದಿತು. ತಮಟೆಯ ಜೊತೆ ಆ ಹಾಡುಗಳು ಊರೂರು ತಿರುಗಿದವು.

ಆ ಪುಸ್ತಕ ಓದಿದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಮನೆಯ ಜಗಲಿ. ಆರೇಳು ವರ್ಷದ ನಾನು ಅದರ ಮೇಲೆ ನಿಂತು, ಗದ್ದೆ ಕೆಲಸಕ್ಕೆ ಬರುತ್ತಿದ್ದ, ನಮ್ಮಜ್ಜನ ಓರಗೆಯ ಮುದುಕರೊಬ್ಬರನ್ನು ‘ಏನ್ಲಾ, ಬಾರ್ಲಾ’ ಎಂದು ಕರೆಯುತ್ತಿದ್ದೆ. ಅವರು ಹೆಗಲ ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ‘ಬಂದೆ ಬುದ್ದಿ’ ಎನ್ನುತ್ತಿದ್ದರು. ಆರು ವರ್ಷದವನಿಗೆ ಬುದ್ದಿ! ಮನೆಯಲ್ಲಿ ಒಬ್ಬರೂ ನನ್ನನ್ನು ಗದರಲಿಲ್ಲ. ಅಪ್ಪನಿಗೆ ಹಾಗಂದಿದ್ದರೆ ಕೆನ್ನೆ ಊದುತ್ತಿತ್ತು.

ಮದ್ದೂರು ಮಳವಳ್ಳಿ ಸೀಮೆಯಲ್ಲಿ ಈ ‘ಲಾ’ ಎಲ್ಲರ ಬಾಯಲ್ಲೂ ಇದೆ. ಗೆಳೆಯರ ನಡುವೆ ಅದು ಸಲಿಗೆ. ಕೇರಿಯತ್ತ ತಿರುಗಿದರೆ ಚಾಟಿ. ನಮ್ಮ ತಾಲ್ಲೂಕಿನವರೇ ಆದ ಬೆಸಗರಹಳ್ಳಿ ರಾಮಣ್ಣ ಕತೆಗಳಲ್ಲಿ ಈ ಮಾತನ್ನೇ ಬರೆದರು. ಅದನ್ನು ನಾವು ಮಣ್ಣಿನ ಸೊಗಡು ಎಂದು ಮೆಚ್ಚಿಕೊಂಡೆವು. ಸಿದ್ದಲಿಂಗಯ್ಯ ಅದನ್ನು ಏಟು ತಿಂದವರ ಬಾಯಿಗೆ ಕೊಟ್ಟರು. ಎಷ್ಟೋ ಜನರ ಕಿವಿಗೆ ಅದು ಕೆಟ್ಟ ಮಾತಾಗಿ ಕೇಳಿಸಿದ್ದು ಆಗ. ಕೇರಿಯ ಹಿರಿಯರು ಅದನ್ನೇ ದಿನವೂ ಕೇಳಿಕೊಂಡು ಕೆಲಸಕ್ಕೆ ಬಂದಿದ್ದರಲ್ಲ, ಆ ಲೆಕ್ಕವನ್ನು ಯಾವ ವಿಮರ್ಶಕ ಇಟ್ಟಿದ್ದ?

2015ರಲ್ಲಿ ಶ್ರವಣಬೆಳಗೊಳದ 81ನೇ ಸಾಹಿತ್ಯ ಸಮ್ಮೇಳನಕ್ಕೆ ಸಿದ್ದಲಿಂಗಯ್ಯನವರೇ ಅಧ್ಯಕ್ಷರು. 2021ರ ಜೂನಿನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದ ದಿನ ನಾನು ಆ ಹಳೆಯ ಪುಸ್ತಕ ತೆಗೆದು ಕೂತೆ.

ಮೊದಲ ಸಲ ಅದನ್ನು ಓದಿ ಮುಗಿಸಿದಾಗ, ಈ ಸಲ ಊರಿಗೆ ಹೋದರೆ ಆ ಮುದುಕರನ್ನು ‘ಬನ್ನಿ’ ಎಂದು ಕರೆಯಬೇಕು ಅಂದುಕೊಂಡಿದ್ದೆ. ಹೋದಾಗ ಅವರು ತೀರಿಕೊಂಡು ಮೂರು ತಿಂಗಳಾಗಿತ್ತು.