ಶಿವರೀ ಎಂಬ ಗದ್ದಲ

‘ಶಿವರೀ’ ಎಂದೊಡನೆ ಕನ್ನಡದ ಕಿವಿಗೆ ಶಿವನ ನೆನಪಾದೀತು. ಈ ಪದಕ್ಕೂ ಅವನಿಗೂ ನಂಟಿಲ್ಲ. ಅವನ ಭೂತಗಣವನ್ನು ಬೇಕಾದರೆ ನೆನೆಯಬಹುದು. 1900ರ ಆಸುಪಾಸಿನಲ್ಲಿ ಅಮೆರಿಕದ ಮಧ್ಯಪಶ್ಚಿಮದ ಹಳ್ಳಿಗಳಲ್ಲಿ ಹೊಸ ಜೋಡಿ ದೀಪ ಆರಿಸಿ ಮಲಗಿತೋ ಇಲ್ಲವೋ, ಅಂಗಳದಲ್ಲಿ ತಗಡಿನ ಡಬ್ಬ, ಪಾತ್ರೆಗಳ ಬಡಿತ, ಹಸುಗಳ ಕೊರಳಗಂಟೆಯ ಗಲಗಲ ಶುರು. ನಡುನಡುವೆ ಗಾಳಿಯಲ್ಲಿ ಗುಂಡು. ಗಂಡ ಹೆಂಡತಿ ಹೊರಗೆ ಬಂದು ಸಿಗಾರು, ಮಿಠಾಯಿ ಹಂಚುವವರೆಗೆ ಬಿಡುಗಡೆಯಿಲ್ಲ. ಹಟ ಹಿಡಿದ ಮದುಮಗನನ್ನು ಹೊತ್ತೊಯ್ದು ಕುದುರೆಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದೂ ಉಂಟು.

ಪದ ಬಂದದ್ದು ಫ್ರೆಂಚಿನ ‘ಶಾರಿವಾರಿ’ಯಿಂದ. ಅದರ ಹಿಂದೆ ತಲೆನೋವು ಎಂಬರ್ಥದ ಲ್ಯಾಟಿನ್ ಪದವಿದೆಯೆನ್ನುತ್ತಾರೆ. ಹೆಸರಿಟ್ಟವರು ಅನುಭವಸ್ಥರೇ ಇರಬೇಕು. ಯುರೋಪಿನಲ್ಲಿ ಅದು ಊರು ವಿಧಿಸುವ ಶಿಕ್ಷೆ. ಮುದುಕನೊಬ್ಬ ಎಳೆಯ ಹುಡುಗಿಯನ್ನು ಕಟ್ಟಿಕೊಂಡರೆ, ವಿಧವೆ ಬೇಗನೆ ಮರುಮದುವೆಯಾದರೆ, ಮನೆ ಮುಂದೆ ಪಾತ್ರೆ ಬಡಿದು ಮಾನ ಕಳೆದು ದಂಡ ಕೀಳುತ್ತಿದ್ದರು. ದೊಡ್ಡವರ ಮಾನ ಕಳೆಯುವುದೇ ಕಸುಬಾದ ಪತ್ರಿಕೆಗಳಿಗೂ ಈ ಹೆಸರು ಹೊಂದಿಕೊಂಡಿತು. 1832ರಲ್ಲಿ ಪ್ಯಾರಿಸ್ಸಿನಲ್ಲಿ ‘ಲ ಶಾರಿವಾರಿ’ ಹುಟ್ಟಿತು. 1841ರಲ್ಲಿ ಶುರುವಾದ ‘ಪಂಚ್’ ತನ್ನನ್ನು ಲಂಡನ್ನಿನ ಶಾರಿವಾರಿಯೆಂದೇ ಕರೆದುಕೊಂಡಿತು.

ಅಮೆರಿಕದಲ್ಲಿ ಪದ ಫ್ರೆಂಚರ ಜೊತೆ ಮಿಸಿಸಿಪಿ ಕಣಿವೆಯಲ್ಲಿ ಹಬ್ಬಿ, ಸವೆದು ‘ಶಿವರೀ’ಯಾಯಿತು. ನ್ಯೂಯಾರ್ಕಿನ ಉತ್ತರದವರು ಇದೇ ಗಲಾಟೆಗೆ ಕೊಂಬೂದುವುದು ಎಂದರು, ಓಹಿಯೋದ ಕೆಲವರು ಗಂಟೆ ಬಾರಿಸುವುದು ಎಂದರು. ಯಾವ ಹೆಸರು ಎಲ್ಲಿಯವರೆಗೆ ನಡೆಯುತ್ತದೆಂದು ಗುರುತಿಸಿ ಡೇವಿಸ್ ಮತ್ತು ಮ್ಯಾಕ್‌ಡೇವಿಡ್ ಎಂಬ ಭಾಷಾವಿದ್ವಾಂಸರು 1949ರಲ್ಲಿ ಲೇಖನವನ್ನೇ ಬರೆದರು.

ಉಚ್ಚಾರಣೆಗಿಂತ ಹೆಚ್ಚು ಬದಲಾದದ್ದು ಪದದ ಮನಸ್ಸು. ಬೇಡದ ಮದುವೆಗೆ ಮೀಸಲಾಗಿದ್ದ ಬೈಗುಳ ಎಲ್ಲ ಮದುವೆಗೂ ಸಲ್ಲುವ ಮರ್ಯಾದೆಯಾಯಿತು. ಯಾರೂ ಬಂದು ಬಡಿಯದಿದ್ದರೆ ‘ನಾವು ಊರಿಗೆ ಬೇಡವಾದೆವೇ’ ಎಂದು ನೊಂದುಕೊಳ್ಳುವ ಕಾಲ ಬಂತು. ಆದರೂ ಅದನ್ನು ಬರಿಯ ಅಕ್ಕರೆಯೆನ್ನಲು ನನ್ನ ಮನಸ್ಸೊಪ್ಪದು. ಮಿಠಾಯಿ ಕೊಡದಿದ್ದರೆ ನೀರಿನ ತೊಟ್ಟಿ ಕಾದಿತ್ತಲ್ಲ! ಮಲಗುವ ಕೋಣೆಯ ಮೇಲೂ ಊರಿಗೆ ಹಕ್ಕಿದೆ ಎಂಬ ಹಳೆಯ ಗತ್ತು ನಗುವಿನೊಳಗೇ ಉಳಿದಿತ್ತು. 1906ರ ಕಾಲದಲ್ಲಿ ನಡೆಯುವ ‘ಒಕ್ಲಹೋಮಾ!’ ಸಂಗೀತನಾಟಕದಲ್ಲೂ ಶಿವರೀಯ ದೃಶ್ಯವೊಂದಿದೆ.

ರೈಲು, ಮೋಟಾರು ಕೈಗೆಟುಕಿ ಜೋಡಿಗಳು ಮದುವೆಯ ದಿನವೇ ಮಧುಚಂದ್ರಕ್ಕೆ ಹೊರಟಾಗ ಬಡಿಯುವವರಿಗೆ ಮನೆಯೇ ಸಿಗದಂತಾಯಿತು. ಹಾಗೆಂದು ಎಲ್ಲರೂ ಸುಮ್ಮನಾಗಲಿಲ್ಲ. ಜೋಡಿ ಊರಿಗೆ ಮರಳುವ ರಾತ್ರಿಯವರೆಗೆ ಡಬ್ಬ ಎತ್ತಿಟ್ಟು ಕಾದವರೂ ಇದ್ದರು.